‘ಸಿಗ್ಲಿಲ್ಲ’ ಅಂದ್ರೆ ‘ಇಲ್ಲ’ ಅಂತಲ್ಲ

ದುಬೈ, ಶಾರ್ಜಾ, ಅಬುಧಾಬಿಯ ಆಫೀಸುಗಳಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮವರು ಬಹಳ ಮಂದಿ ಇದ್ದೇವೆ. ಲೆಕ್ಕ ಸರಿಯಿದ್ದರೂ, ಆಡಿಟರ್ ಕೇಳಿದ ಇನ್‌ವಾಯ್ಸ್ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಬೆವರು ಬಂದೇ ಬರುತ್ತೆ. ಹೆಸರು ಟೈಪ್ ಮಾಡ್ತೇವೆ, ಏನೂ ಬರೋದಿಲ್ಲ. ‘ಫೈಲ್ ಇಲ್ಲ ಸರ್’ ಅಂದುಬಿಡ್ತೇವೆ. ಹಾಗನ್ನುವ ಮೊದಲು ಸ್ವಲ್ಪ ತಡೀರಿ.

ಯುಎಇಯಲ್ಲಿ 2018ರ ಜನವರಿ 1ರಿಂದ ಶೇ. 5 ವ್ಯಾಟ್ ಇದೆ. 10,000 ದಿರ್ಹಮ್ ಖರೀದಿಗೆ 500 ದಿರ್ಹಮ್ ವ್ಯಾಟ್ ಕೊಟ್ಟಿದ್ದರೆ, ಅದನ್ನು ವಾಪಸ್ ಲೆಕ್ಕಕ್ಕೆ ತಗೊಳ್ಳೋಕೆ ಟ್ಯಾಕ್ಸ್ ಇನ್‌ವಾಯ್ಸ್ ಬೇಕೇ ಬೇಕು. ವ್ಯಾಟ್ ದಾಖಲೆಗಳನ್ನು ಸಾಮಾನ್ಯವಾಗಿ ಕನಿಷ್ಠ 5 ವರ್ಷ, ಕಾರ್ಪೊರೇಟ್ ತೆರಿಗೆ ದಾಖಲೆಗಳನ್ನು 7 ವರ್ಷ ಇಟ್ಟಿರಬೇಕು. ಹುಡುಕಿದಾಗ ಕೈಗೆ ಸಿಗದ ಕಾಗದ ಇದ್ದೂ ಇಲ್ಲದ ಹಾಗೆ.

ವಿಂಡೋಸ್ ಪ್ರತಿ ಸಲವೂ ಇಡೀ ಡಿಸ್ಕ್ ತಡಕೋದಿಲ್ಲ. ಪುಸ್ತಕದ ಕೊನೆಯಲ್ಲಿರೋ ಪದಸೂಚಿಯ ಹಾಗೆ ಒಂದು ಇಂಡೆಕ್ಸ್ ಮಾಡಿಟ್ಟುಕೊಂಡು ಅದರಲ್ಲಿ ನೋಡುತ್ತೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಕೆಲವು ಜಾಗ ಮಾತ್ರ ಅದರಲ್ಲಿರುತ್ತೆ. ನಮ್ಮ ಇನ್‌ವಾಯ್ಸ್‌ಗಳು ಇರೋದು ಡಿ ಡ್ರೈವ್‌ನಲ್ಲೋ ಸರ್ವರ್‌ನಲ್ಲೋ. ಹಾಗಾಗಿ ಸ್ಟಾರ್ಟ್ ಮೆನುವಿನಲ್ಲಿ ಹುಡುಕೋದು ಬಿಟ್ಟು, ಆ ಫೋಲ್ಡರನ್ನೇ ತೆರೆದು ಅಲ್ಲಿ ಹುಡುಕಿ. ನಿಧಾನ ಆಗುತ್ತೆ, ಹುಡುಕಾಟ ಪೂರ್ತಿ ಮುಗಿಯೋವರೆಗೂ ಕಾಯಿರಿ. 2023ರ ಫೋಲ್ಡರ್‌ನಲ್ಲಿ ನಿಂತು ಹುಡುಕಿದರೆ 2024ರದ್ದು ಬರೋದಿಲ್ಲ ಅನ್ನೋದೂ ನೆನಪಿರಲಿ.

ಎರಡನೆಯದು, ಇಂಡೆಕ್ಸ್ ಪದದ ಆರಂಭ ನೋಡುತ್ತೆ. ಅಂಡರ್‌ಸ್ಕೋರ್ ಹಾಕಿ ಅಂಟಿಸಿದ ಹೆಸರಿನ ನಡುವಿನ 1045 ಅನ್ನೋ ಅಂಕೆ ಹಲವು ಸಲ ಅದರ ಕಣ್ಣಿಗೆ ಬೀಳೋದಿಲ್ಲ. *1045* ಅಂತ ಎರಡೂ ಕಡೆ ನಕ್ಷತ್ರ ಚಿಹ್ನೆ ಹಾಕಿ ನೋಡಿ.

ಆಗಲೂ ಅನುಮಾನವಿದ್ದರೆ, ಫೋಲ್ಡರಿನ ಅಡ್ರೆಸ್ ಬಾರ್‌ನಲ್ಲಿ ಸಿ-ಎಂ-ಡಿ ಅಂತ ಟೈಪಿಸಿ ಎಂಟರ್ ಒತ್ತಿ. ಕಪ್ಪು ಕಿಟಕಿಯಲ್ಲಿ ಡಿ-ಐ-ಆರ್, ಜಾಗ ಬಿಟ್ಟು ಸ್ಲ್ಯಾಶ್ ಎಸ್, ಮತ್ತೆ ಜಾಗ ಬಿಟ್ಟು *1045* ಕೊಡಿ. ಇದು ಇಂಡೆಕ್ಸನ್ನು ಕೇಳೋದಿಲ್ಲ, ಒಳಗಿನ ಫೋಲ್ಡರುಗಳನ್ನೆಲ್ಲ ನೇರವಾಗಿ ನೋಡುತ್ತೆ.

ಇಂಡೆಕ್ಸೇ ಕೆಟ್ಟಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಇಂಡೆಕ್ಸಿಂಗ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್‌ನಲ್ಲಿ ರೀಬಿಲ್ಡ್ ಕೊಡಬೇಕು. ಅನುಮತಿ ಇಲ್ಲದಿದ್ದರೆ ಐಟಿಯವರನ್ನ ಕೇಳಿ. ಗಂಟೆಗಟ್ಟಲೆ ಹಿಡಿಯಬಹುದು, ಅಲ್ಲಿವರೆಗೆ ಹುಡುಕಾಟ ಅರೆಬರೆ. ಸಂಜೆ ಹೊರಡೋವಾಗ ಹಚ್ಚಿಟ್ಟು ಬನ್ನಿ.

ಇನ್ನು ಹೆಸರಿಡೋದು. ಮೊಹಮ್ಮದ್, ಮುಹಮ್ಮದ್ ಅಂತ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕಾರು ಕಾಗುಣಿತ. ‘ಅಲ್’ ಆದಮೇಲೆ ಒಬ್ಬರು ಗೆರೆ ಹಾಕ್ತಾರೆ, ಒಬ್ಬರು ಹಾಕೋದಿಲ್ಲ. ಸಪ್ಲೈಯರ್‌ನ 15 ಅಂಕೆಯ ಟಿಆರ್‌ಎನ್‌ಗೆ ಈ ರಗಳೆ ಇಲ್ಲ, ಅದನ್ನೂ ಹೆಸರಲ್ಲಿ ಸೇರಿಸಿ. ತಾರೀಕನ್ನು 2024-03-15 ಅಂತ ವರ್ಷ ಮೊದಲು ಬರೆದರೆ ಫೈಲುಗಳು ತಾವಾಗೇ ಸಾಲಾಗಿ ನಿಲ್ಲುತ್ತವೆ. ‘ಸ್ಕ್ಯಾನ್ 001’ ಅಂತ ಬಿಟ್ಟ ಫೈಲನ್ನು ಯಾವ ಹುಡುಕಾಟವೂ ಹೆಸರಿನಿಂದ ಹಿಡಿಯಲಾರದು.

ಪಾಸ್‌ಪೋರ್ಟ್, ವೀಸಾ, ಬಾಡಿಗೆ ಕರಾರು, ಮಕ್ಕಳ ಸ್ಕೂಲ್ ಫೀ ರಸೀದಿಗಳಿಗೂ ಇದೇ ಕ್ರಮ ಇಟ್ಟುಕೊಳ್ಳಿ. ನಾವು ರಜೆಯಲ್ಲಿ ಊರಿಗೆ ಹೋದಾಗ ಸಹೋದ್ಯೋಗಿಗೋ ಮನೆಯವರಿಗೋ ನಮ್ಮನ್ನು ಕೇಳದೇ ಫೈಲ್ ಸಿಗಬೇಕು.