ಸೈಟು ನೋಡುವ ಮೊದಲು ಕಾಗದ ನೋಡಿ

ಕರಾವಳಿಯಲ್ಲಿ ಒಂದು ಸೆಂಟ್ಸ್ ಜಾಗದ ರೇಟು ಕೇಳಿ ಸುಸ್ತಾದ ನಮ್ಮವರು ಈಗ ಘಟ್ಟದ ಮೇಲಿನ ಊರುಗಳ ಕಡೆ ನೋಡುತ್ತಿದ್ದಾರೆ. ನಾವು ಇರುವ ರೂಪನಗುಡಿ, ಬಳ್ಳಾರಿ ಸುತ್ತಮುತ್ತಲೂ ಹೀಗೆ ವಿಚಾರಿಸುವವರಿದ್ದಾರೆ. "ಉಸ್ತಾದರೇ, ಒಂದು ಸೈಟು ಇದೆಯಂತೆ, ತಗೊಳ್ಳಬಹುದಾ?" ಎಂದು ಗಲ್ಫಿನಿಂದಲೂ ಫೋನು ಬರುತ್ತದೆ. ಕಾಗದ ನೋಡಿದಿರಾ ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: "ಕೊಡುವವರು ನಮ್ಮವರೇ ಅಲ್ವಾ, ಮೋಸ ಮಾಡ್ಲಿಕ್ಕಿಲ್ಲ."

ತೊಂದರೆ ಶುರುವಾಗುವುದೇ ಇಲ್ಲಿ. ಕುರ್‌ಆನಿನ ಅತಿ ಉದ್ದದ ಆಯತ್ ಅಲ್-ಬಖರ ಸೂರಃದ 282ನೆಯದು. ಅದು ಇರುವುದು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿ ನಿಲ್ಲಿಸುವ ಬಗ್ಗೆ. ಈಮಾನ್ ಇರುವವರಿಗೇ ಅಲ್ಲಾಹನು ಬರೆದಿಡಿ ಎಂದು ಹೇಳಿರುವಾಗ, ಕಾಗದ ಕೇಳಿದರೆ ಅವಮಾನ ಎಂದುಕೊಳ್ಳುವುದು ಯಾಕೆ? ಕಾಗದ ಸರಿ ಇದ್ದರೆ ಇಬ್ಬರ ನಂಟೂ ಉಳಿಯುತ್ತದೆ.

ಸುದ್ದಿಗೆ ದುಡ್ಡು ಹಾಕಬೇಡಿ

"ಇಲ್ಲಿ ಫ್ಯಾಕ್ಟರಿ ಬರ್ತದೆ, ಎರಡು ವರ್ಷದಲ್ಲಿ ರೇಟು ಡಬಲ್" ಎನ್ನುವ ಮಾತು ಎಲ್ಲ ಊರಿನಲ್ಲೂ ಇದೆ. ಬಳ್ಳಾರಿ ಪಕ್ಕದ ಕುಡತಿನಿ ಭಾಗವನ್ನು ನೋಡಿ. ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆಂದು 2010ರ ಸುಮಾರಿಗೆ ಅಲ್ಲಿ ಸಾವಿರಾರು ಎಕರೆ ಸ್ವಾಧೀನವಾಯಿತು. ಹೇಳಿದ ಕಾರ್ಖಾನೆಗಳು ಬರಲಿಲ್ಲ. ಜಮೀನು ಕೊಟ್ಟ ರೈತರು 2022ರ ಡಿಸೆಂಬರಿನಲ್ಲಿ ಧರಣಿ ಕೂತರು. ಸರಕಾರವೇ ಮುಂದೆ ನಿಂತ ಯೋಜನೆಯ ಕಥೆ ಹೀಗಾದರೆ, ಬ್ರೋಕರ್ ಬಾಯಿಮಾತಿನ ಯೋಜನೆಯ ಗತಿ ಏನು? ಇವತ್ತು ಅಲ್ಲಿ ರಸ್ತೆ, ನೀರು, ಕರೆಂಟು ಏನಿದೆಯೋ ಅದಕ್ಕೆ ಮಾತ್ರ ಬೆಲೆ ಕಟ್ಟಿ.

ಲೆಕ್ಕದಲ್ಲೂ ಹುಷಾರಾಗಿರಿ. ನಮಗೆ ಸೆಂಟ್ಸ್ ಅಭ್ಯಾಸ, ಇಲ್ಲಿ ಎಕರೆ-ಗುಂಟೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್. 30×40ರ ಸೈಟು 1,200 ಚದರಡಿ, ಅಂದರೆ ಮೂರು ಸೆಂಟ್ಸ್ ಕೂಡ ಇಲ್ಲ. ಮಣ್ಣೂ ಬೇರೆ. ನಮ್ಮ ಮುರಕಲ್ಲಿನ ನೆಲದ ಹಾಗೆ ಇಲ್ಲಿಯ ಎರೆ ಮಣ್ಣು ಇರುವುದಿಲ್ಲ. ಮಳೆಗೆ ಉಬ್ಬಿ, ಬೇಸಗೆಗೆ ಬಿರಿಯುತ್ತದೆ. ಪಾಯದ ಖರ್ಚು ಜಾಸ್ತಿ ಬೀಳುತ್ತದೆ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ, ದಾರಿ ಇದೆಯೋ ಕೆಸರಿದೆಯೋ ಗೊತ್ತಾಗುತ್ತದೆ.

ಯಾವ ಕಾಗದ?

ಮೊದಲು ಪಹಣಿ. 9ನೇ ಕಾಲಮ್ಮಿನಲ್ಲಿ ಮಾರುವವರ ಹೆಸರೇ ಇದೆಯಾ, 11ರಲ್ಲಿ ಬ್ಯಾಂಕಿನ ಸಾಲ ಇದೆಯಾ ನೋಡಿ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ., ಕನಿಷ್ಠ 30 ವರ್ಷದ್ದು ತೆಗೆಸಿ. ಆದರೆ ಇ.ಸಿ.ಯಲ್ಲಿ ಬರುವುದು ರಿಜಿಸ್ಟರ್ ಆದದ್ದು ಮಾತ್ರ. ಬಿಳಿ ಹಾಳೆಯ ಕರಾರು ಅದರಲ್ಲಿ ಕಾಣುವುದಿಲ್ಲ.

ಜಮೀನು ಎಸ್ಸಿ-ಎಸ್ಟಿ ಕುಟುಂಬಕ್ಕೆ ಸರಕಾರ ಮಂಜೂರು ಮಾಡಿದ್ದಾ ಎಂದು ತಪ್ಪದೆ ಕೇಳಿ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರಕಾರದ ಅನುಮತಿಯಿಲ್ಲದೆ ಅದನ್ನು ಕೊಂಡರೆ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ಹಳೇ ಮಾರಾಟದ ಮೇಲೂ ಕಾಲಮಿತಿ ಇಲ್ಲದೆ ಅರ್ಜಿ ಹಾಕಬಹುದು. ವಕ್ಫ್ ಜಾಗವಾ ಎಂದೂ ನೋಡಬೇಕು, ಅದರಲ್ಲಿ ನಮಗೆ ಜವಾಬ್ದಾರಿ ಇನ್ನೂ ಹೆಚ್ಚು.

ವಂಶವೃಕ್ಷ ಕೇಳಿ. ಅಣ್ಣತಮ್ಮಂದಿರು ಸಹಿ ಹಾಕಿ ತಂಗಿಯನ್ನು ಬಿಟ್ಟಿದ್ದರೆ ಮುಂದೆ ಕೋರ್ಟು ಗ್ಯಾರಂಟಿ. ಕೋರ್ಟಿಗೆ ಹೋಗದಿದ್ದರೂ, ಒಬ್ಬ ಹೆಣ್ಣುಮಗಳ ಪಾಲಿನ ಮೇಲೆ ನಾವು ಮನೆ ಕಟ್ಟಿದಂತಾಯಿತು. ಆ ಮನೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ಸೈಟಾದರೆ ಭೂಪರಿವರ್ತನೆ ಆದೇಶ ಮತ್ತು ಬಡಾವಣೆಯ ಮಂಜೂರಾತಿ ನಕ್ಷೆ ನೋಡಿ. ಪಂಚಾಯತ್ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ ಇದ್ದರೆ ತೆರಿಗೆ ಕಟ್ಟಬಹುದು, ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಎಂದು ಅರ್ಥವಲ್ಲ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ ನೋಂದಣಿ ಇಲ್ಲದೆ ಬುಕಿಂಗ್ ತಗೊಳ್ಳುವಂತಿಲ್ಲ. ಅಂಥ ಬಡಾವಣೆಯಲ್ಲಿ ಕರಾರು ರಿಜಿಸ್ಟರ್ ಮಾಡದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತೆಯೂ ಇಲ್ಲ.

ಮುಂಗಡವನ್ನು ಬ್ಯಾಂಕಿನಿಂದಲೇ ಕೊಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಮುಂಗಡ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಕರಾರು, ಜಿ.ಪಿ.ಎ. ಇದ್ದರೆ ಸಾಕು ಎನ್ನುವವರನ್ನು ನಂಬಬೇಡಿ. ಅವುಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ರಿಜಿಸ್ಟರ್ ಆದ ಕ್ರಯಪತ್ರ ಆಗಲೇಬೇಕು.

ಗಲ್ಫಿನಲ್ಲಿರುವವರಿಗೆ

2020ರಲ್ಲಿ ರಾಜ್ಯ ಸರಕಾರ 79ಎ, 79ಬಿ ಕಲಮು ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಆದರೆ ವಿದೇಶಿ ವಿನಿಮಯದ ಫೆಮಾ ನಿಯಮ ಬೇರೆ ಇದೆ. ಅನಿವಾಸಿಯಾಗಿರುವಾಗ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಮನೆ, ಪರಿವರ್ತನೆಯಾದ ಸೈಟು ಕೊಳ್ಳಬಹುದು. ಹೊಲವನ್ನು ತಮ್ಮನ ಹೆಸರಿಗೆ ಮಾಡಿಸಿದರೆ ನಾಳೆ ಕಾಗದದಲ್ಲಿ ಅದು ತಮ್ಮನ ಮಕ್ಕಳದ್ದು. ದುಡಿದವನ ಯತೀಮ್ ಮಕ್ಕಳು ಯಾರ ಬಾಗಿಲಿಗೆ ಹೋಗಬೇಕು? ಪವರ್ ಆಫ್ ಅಟಾರ್ನಿ ಕೊಡುವುದಿದ್ದರೆ ಎಂಬೆಸಿಯಲ್ಲಿ ದೃಢೀಕರಿಸಿ, ಸರ್ವೆ ನಂಬರ್ ಬರೆದು, ಆ ಒಂದು ಕೆಲಸಕ್ಕೆ ಮಾತ್ರ ಕೊಡಿ.

ನಾಲ್ಕೈದು ಮಂದಿ ಕೂಡಿ ಒಂದು ಎಕರೆ ಕೊಳ್ಳುವುದು ಒಳ್ಳೆಯದೇ. ಕ್ರಯಪತ್ರದಲ್ಲಿ ಎಲ್ಲರ ಹೆಸರೂ ಪಾಲೂ ಇರಲಿ, ನಷ್ಟವಾದರೆ ಹಾಕಿದ ದುಡ್ಡಿನ ಪ್ರಕಾರ ಹಂಚಿಕೊಳ್ಳಬೇಕು. "ತಿಂಗಳಿಗೆ ಇಷ್ಟು ಗ್ಯಾರಂಟಿ, ಅಸಲಿಗೂ ಮೋಸವಿಲ್ಲ" ಎಂದರೆ ಅದು ಪಾಲುದಾರಿಕೆಯಲ್ಲ, ರಿಬಾ. ಹಲಾಲ್ ಎಂಬ ಹೆಸರು ನಂಬಿ ಬೆಂಗಳೂರಿನ ಐಎಂಎಯಲ್ಲಿ ದುಡ್ಡಿಟ್ಟ ಸಾವಿರಾರು ಮುಸ್ಲಿಂ ಕುಟುಂಬಗಳು 2019ರಲ್ಲಿ ಅತ್ತದ್ದನ್ನು ಮರೆಯಬಾರದು.

ಝಕಾತನ್ನೂ ಮರೆಯಬೇಡಿ. ಮಾರಿ ಲಾಭ ಮಾಡಲೆಂದೇ ಕೊಂಡ ಸೈಟು ವ್ಯಾಪಾರದ ಸರಕು. ಹಿಜ್ರಿ ವರ್ಷ ತುಂಬಿದಾಗ ಅಂದಿನ ಬೆಲೆಯ ಶೇ. 2.5 ಕೊಡಬೇಕು. ಸ್ವಂತ ಮನೆ ಕಟ್ಟಲೆಂದು ಕೊಂಡದ್ದಕ್ಕೆ ಇಲ್ಲ. ಆದ್ದರಿಂದ ಕೊಳ್ಳುವಾಗಲೇ ನಿಯ್ಯತ್ ಸ್ಪಷ್ಟವಿರಲಿ.

ಮುಂಗಡಕ್ಕೆ ಮೊದಲು, ಮಾರುವವರ ಕಡೆಯವರಲ್ಲದ ಒಬ್ಬ ವಕೀಲರಿಗೆ ಫೀಸು ಕೊಟ್ಟು ಕಾಗದ ತೋರಿಸಿ. "ನಾಳೆಗೆ ಬೇರೆ ಪಾರ್ಟಿ ಬರ್ತಾರೆ" ಎಂದು ಅವಸರ ಮಾಡಿದರೆ, ಬರಲಿ ಬಿಡಿ. ಸೈಟು ಇನ್ನೊಂದು ಸಿಗುತ್ತದೆ. ಹತ್ತು ವರ್ಷ ಮರುಭೂಮಿಯಲ್ಲಿ ದುಡಿದ ಹಣ ಒಮ್ಮೆ ಹೋದರೆ ತಿರುಗಿ ಸಿಗುವುದು ಕಷ್ಟ.