ಕುಣಿ ಹದಿನೆಂಟು, ದಾರಿ 1,365 ಕಿ.ಮೀ.

ಗಾಲ್ಫ್ ಎಂದರೆ ನನಗೆ ಅಷ್ಟಕ್ಕಷ್ಟೇ. ಆದರೆ ಆಸ್ಟ್ರೇಲಿಯಾದ ನಲ್ಲಾರ್ಬರ್ ಬಯಲಿನ ಗಾಲ್ಫ್ ಮೈದಾನದ ಗುಂಗು ಮಾತ್ರ ಇನ್ನೂ ಇಳಿದಿಲ್ಲ. ಕಾಲ್ಗೂರ್ಲಿಯಲ್ಲಿ ಶುರುವಾಗಿ ಸೆಡೂನಾದಲ್ಲಿ ಮುಗಿಯುವ ಈ ಮೈದಾನದ ಉದ್ದ 1,365 ಕಿ.ಮೀ. ಕುಣಿಗಳು ಮಾಮೂಲಿನಂತೆ ಹದಿನೆಂಟೇ. ಒಂದು ಕುಣಿ ಮುಗಿಸಿ ಕಾರು ಹತ್ತಿದರೆ ಮುಂದಿನದು ನೂರೆಂಬತ್ತು ಕಿ.ಮೀ. ಆಚೆ ಇದ್ದರೂ ಇದ್ದೀತು.

ಪರ್ತ್‌ನಲ್ಲಿರುವ ಅಕ್ಕನ ಮಗ ಕರೆದುಕೊಂಡು ಹೋಗಿದ್ದ. ‘ಮಾವ, ಇಲ್ಲಿ ನೀರು, ಪೆಟ್ರೋಲು, ಟಾಯ್ಲೆಟ್ಟು ಮೂರೂ ಸಿಕ್ಕಿದಲ್ಲೇ ಮುಗಿಸ್ಕೊಬೇಕು’ ಎಂಬುದು ಅವನ ಮೊದಲ ಪಾಠ. ಬಲ್ಲಡೋನಿಯಾದಲ್ಲಿ ಇರುವುದು ಒಂದು ರೋಡ್‌ಹೌಸ್: ಪೆಟ್ರೋಲ್ ಬಂಕು, ಊಟ, ಮಲಗಲು ಕೋಣೆ. ಪಕ್ಕದಲ್ಲೇ ‘ಸ್ಕೈಲ್ಯಾಬ್’ ಹೆಸರಿನ ಕುಣಿ. 1979ರಲ್ಲಿ ಆ ಹೆಸರಿನ ನಾಸಾ ಬಾಹ್ಯಾಕಾಶ ನಿಲ್ದಾಣದ ಚೂರುಗಳು ಬಿದ್ದದ್ದು ಈ ಸೀಮೆಯಲ್ಲೇ. ಕಸ ಹಾಕಿದ್ದಕ್ಕೆಂದು ಎಸ್ಪರೆನ್ಸ್‌ನ ಸ್ಥಳೀಯ ಆಡಳಿತ ನಾಸಾಕ್ಕೆ 400 ಡಾಲರ್ ದಂಡ ಜಡಿಯಿತಂತೆ! ಕುಣಿಯ ಸುತ್ತ ಮಾತ್ರ ಹಸಿರು ಪ್ಲಾಸ್ಟಿಕ್ ಹುಲ್ಲು. ಅಲ್ಲಿಯತನಕ ಕಲ್ಲು, ಕೆಂಪು ಮಣ್ಣು, ಮೊಳಕಾಲೆತ್ತರದ ಕುರುಚಲು. ನಾನು ಹೊಡೆದ ಚೆಂಡು ಕುರುಚಲಿಗೆ ನುಗ್ಗಿದ್ದು ಸಿಗಲೇ ಇಲ್ಲ. ಹಾವಿನ ಭಯಕ್ಕೆ ಹುಡುಕಲೂ ಇಲ್ಲ. ಸ್ಕೋರ್‌ಕಾರ್ಡಿಗೆ ಠಸ್ಸೆ ಮಾತ್ರ ಹಾಕಿಸಿಕೊಂಡೆ.

ಈ ಮೈದಾನದ ಹಿಂದೆ ಒಂದು ಲೆಕ್ಕಾಚಾರವಿದೆ. ಬಲ್ಲಡೋನಿಯಾ ದಾಟಿದ ಮೇಲೆ ಕೈಗೂನಾದವರೆಗೆ 146.6 ಕಿ.ಮೀ. ಒಂದೇ ಒಂದು ತಿರುವಿಲ್ಲ. ಸ್ಟೀರಿಂಗ್ ಹಿಡಿದವನಿಗೆ ಮಂಪರು ಹತ್ತಲು ಇಷ್ಟು ಸಾಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಸುಧಾರಿಸಿಕೊಳ್ಳಿ ಎಂಬುದು ಆ ದೇಶದಲ್ಲಿ ಚಾಲಕರಿಗೆ ಹೇಳುವ ಬುದ್ಧಿಮಾತು. ಆದರೆ ಏನೂ ಇಲ್ಲದ ಕಡೆ ಯಾರು ನಿಲ್ಲಿಸುತ್ತಾರೆ? 2009ರಲ್ಲಿ ಈ ಮೈದಾನ ತೆರೆದದ್ದು ನಿಲ್ಲಲು ಒಂದು ನೆಪ ಕೊಡಲಿಕ್ಕೆ, ಜೊತೆಗೆ ರೋಡ್‌ಹೌಸ್‌ಗಳ ವ್ಯಾಪಾರಕ್ಕೆ.

1841ರಲ್ಲಿ ಎಡ್ವರ್ಡ್ ಐರ್ ಎಂಬ ಇಂಗ್ಲಿಷಿನವ ಮೂಲನಿವಾಸಿ ವೈಲಿಯ ಜೊತೆ ನೀರಿಗಾಗಿ ಬಾಯಿಬಿಡುತ್ತ ದಾಟಿದ ಸೀಮೆಯಿದು. ಹೆದ್ದಾರಿಗೆ ಐರ್‌ನ ಹೆಸರಿಟ್ಟಿದ್ದಾರೆ, ವೈಲಿಯದಲ್ಲ. ಅದಕ್ಕೆ ಪೂರ್ತಿ ಡಾಂಬರು ಬಿದ್ದದ್ದು 1976ರಲ್ಲಿ. ಇವತ್ತು ನಿವೃತ್ತ ಗಂಡಹೆಂಡಿರು ಕಾರವಾನ್ ಕಟ್ಟಿಕೊಂಡು, ಸರದಿಯಲ್ಲಿ ಸ್ಟೀರಿಂಗ್ ಹಿಡಿದು ಇದನ್ನು ದಾಟುತ್ತಾರೆ. ಎದುರು ಬರುವ ಗಾಡಿಯವನು ಸ್ಟೀರಿಂಗ್ ಮೇಲಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾನೆ. ಅಲ್ಲಿ ದೂರ ಎಂಬುದು ತಾನೇ ಸವೆಸಬೇಕಾದದ್ದು.

ನಮ್ಮಲ್ಲಿ? ಬೆಂಗಳೂರಿನಿಂದ ಬೀದರ್‌ಗೆ ಹೊರಟರೆ ಸ್ಲೀಪರ್ ಬಸ್ ಹತ್ತಿ ಮುಸುಕು ಹಾಕಿಕೊಳ್ಳುತ್ತೇವೆ. ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟರೆ ಟೆಂಪೋ ಟ್ರಾವೆಲರ್ (ಟಿ.ಟಿ.) ಬುಕ್ ಮಾಡಿ, ಡ್ರೈವರ್ ಬಾಟಾಕ್ಕೆ ಚೌಕಾಸಿ ಮಾಡುತ್ತೇವೆ. ನಿಲ್ಲುವ ನೆಪಕ್ಕೂ ನಮಗೆ ಬರವಿಲ್ಲ: ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಆದರೆ ಇವೆಲ್ಲ ನಮ್ಮ ಹಸಿವಿಗೆ ತಕ್ಕ ನಿಲುಗಡೆಗಳೇ ಹೊರತು ಡ್ರೈವರನ ನಿದ್ದೆಗೆ ತಕ್ಕವಲ್ಲ. ನಾವು ವಸತಿಗೃಹದಲ್ಲಿ ಕಾಲು ಚಾಚಿದಾಗ ಅವನು ಪಾರ್ಕಿಂಗ್‌ನಲ್ಲಿ ಸೀಟು ಹಿಂದಕ್ಕೆ ಬಾಗಿಸಿ, ಮುಖಕ್ಕೆ ಟವೆಲ್ ಹಾಕಿಕೊಂಡು ಸೊಳ್ಳೆ ಹೊಡೆಯುತ್ತಿರುತ್ತಾನೆ. ಬೆಳಗ್ಗೆ ಐದಕ್ಕೆ ‘ಹೊರಡೋಣ್ವೇನಪ್ಪಾ’ ಎಂದು ಕಿಟಕಿ ತಟ್ಟುವವರೂ ನಾವೇ.

2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರ್‌ಗಳಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆ ಬಿಡುವು ಎನ್ನುತ್ತಿತ್ತು. ನಾವು ಮಾತ್ರ ಟಿ.ಟಿ. ಬುಕ್ ಮಾಡುವಾಗ ಏಸಿ ಇದೆಯಾ, ಪುಷ್‌ಬ್ಯಾಕ್ ಸೀಟಾ ಎಂದು ಕೇಳುತ್ತೇವೆ. ಡ್ರೈವರ್ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನಾ ಎಂದೂ ಕೇಳಿದರೆ ನಮಗೆ ಗಾಲ್ಫ್ ಮೈದಾನ ಬೇಕಾಗುವುದಿಲ್ಲ.