ದಕ್ಷಿಣದ ಕಡಲಿಗೆ ಯಾವ ತಿಂಗಳು ಲೇಸು?

ದಕ್ಷಿಣ ಗೋಳಾರ್ಧದಲ್ಲಿ ಕ್ರೂಸ್ ಪ್ರವಾಸಕ್ಕೆ ಕಾಲ ಗೊತ್ತುಮಾಡುವಾಗ ಮೊದಲು ನೋಡಬೇಕಾದದ್ದು ಭೂಪಟದ ಅಕ್ಷಾಂಶ, ಕ್ಯಾಲೆಂಡರ್ ಆಮೇಲಿನದು. ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೇಸಿಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಇಷ್ಟನ್ನೇ ನೆಚ್ಚಿ ಜನವರಿಯಲ್ಲಿ ಹೊರಟವರಿಗೆ ಅಂಟಾರ್ಕ್ಟಿಕಾದಲ್ಲಿ ವರ್ಷದ ಅತ್ಯುತ್ತಮ ದಿನಗಳು ಸಿಗುತ್ತವೆ. ಅದೇ ಜನವರಿಯಲ್ಲಿ ಫಿಜಿಗೆ ಹೋದವರಿಗೆ ಸೆಕೆ, ಸುರಿಮಳೆ, ಜೊತೆಗೆ ಚಂಡಮಾರುತದ ಆತಂಕ. ಧ್ರುವದ ಕಡೆಗೆ ಸರಿದಷ್ಟೂ ಬೇಸಿಗೆ ಒಳ್ಳೆಯದು, ಸಮಭಾಜಕ ವೃತ್ತದ ಕಡೆಗೆ ಬಂದಷ್ಟೂ ಚಳಿಗಾಲ ಒಳ್ಳೆಯದು ಎಂಬುದು ಇಲ್ಲಿನ ಮೂಲಸೂತ್ರ.

ಈ ಸೂತ್ರ ಹೊಸದೇನಲ್ಲ. 1772ರಿಂದ 1775ರವರೆಗಿನ ತನ್ನ ಎರಡನೆಯ ಮಹಾಯಾನದಲ್ಲಿ ಜೇಮ್ಸ್ ಕುಕ್ ಬೇಸಿಗೆಯಲ್ಲಿ ಹಿಮದ ಕಡಲಿಗೆ ಇಳಿಯುತ್ತಿದ್ದ, ಚಳಿಗಾಲ ಬಂತೆಂದರೆ ಟಹೀಟಿ, ಟೊಂಗಾಗಳಂಥ ಉಷ್ಣವಲಯದ ದ್ವೀಪಗಳತ್ತ ಹಡಗು ತಿರುಗಿಸುತ್ತಿದ್ದ. 1773ರ ಜನವರಿ 17ರಂದು ಅವನ ‘ರೆಸಲ್ಯೂಷನ್’ ಹಡಗು ಅಂಟಾರ್ಕ್ಟಿಕ್ ವೃತ್ತವನ್ನು ದಾಟಿತು. ಹಾಗೆ ದಾಟಿದ ಮೊದಲ ಹಡಗುಯಾನವೆಂದು ದಾಖಲಾಗಿರುವುದು ಅದೇ.

ಹಡಗುಗಳೂ ವಲಸೆ ಹೋಗುತ್ತವೆ

ದೊಡ್ಡ ಕ್ರೂಸ್ ಕಂಪನಿಗಳು ಇಂದಿಗೂ ಬಿಸಿಲನ್ನು ಹಿಂಬಾಲಿಸುತ್ತವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲಾಸ್ಕ, ಮೆಡಿಟರೇನಿಯನ್, ಉತ್ತರ ಯೂರೋಪಿನಲ್ಲಿ ದುಡಿದ ಹಡಗುಗಳಲ್ಲಿ ಹಲವು ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತವೆ, ಏಪ್ರಿಲ್‌ನಲ್ಲಿ ಮರಳುತ್ತವೆ. ಹೀಗಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸಿಡ್ನಿ, ಆಕ್ಲೆಂಡ್, ಬ್ಯೂನಸ್ ಐರಿಸ್, ಸ್ಯಾಂಟೋಸ್, ಕೇಪ್‌ಟೌನ್‌ಗಳಲ್ಲಿ ಹಡಗು, ದಾರಿ, ದರ ಎಲ್ಲದರಲ್ಲೂ ಆಯ್ಕೆ ಹೆಚ್ಚು. ಉಳಿದ ತಿಂಗಳುಗಳಲ್ಲಿ ಆಯ್ಕೆ ಕಡಿಮೆ, ದಟ್ಟಣೆಯೂ ಕಡಿಮೆ. ಋತು ಬದಲಾಗುವಾಗ ಹಡಗನ್ನು ಒಂದು ಗೋಳಾರ್ಧದಿಂದ ಇನ್ನೊಂದಕ್ಕೆ ಒಯ್ಯುವ ‘ರೀಪೊಸಿಷನಿಂಗ್’ ಯಾನಗಳೂ ಮಾರಾಟಕ್ಕಿರುತ್ತವೆ. ಇವುಗಳಲ್ಲಿ ದಿನವಹಿ ಖರ್ಚು ಸಾಮಾನ್ಯವಾಗಿ ಕಡಿಮೆ. ಆದರೆ ಬಂದರುಗಳು ವಿರಳ, ದಿನಗಟ್ಟಲೆ ನೀರೇ ನೀರು. ಊರು ನೋಡುವ ಆತುರವಿಲ್ಲದವರಿಗೆ ಇವು ಹೇಳಿಮಾಡಿಸಿದಂಥವು.

ಕಡಲಿನ ಋತು ನೆಲದ ಋತುವಿಗಿಂತ ತುಸು ತಡವಾಗಿ ಸಾಗುತ್ತದೆ ಎಂಬುದೂ ನೆನಪಿನಲ್ಲಿರಬೇಕು. ನೀರು ಕಾಯುವುದೂ ನಿಧಾನ, ತಣಿಯುವುದೂ ನಿಧಾನ. ದಕ್ಷಿಣ ಗೋಳಾರ್ಧದ ಮೇಲ್ಮೈಯಲ್ಲಿ ಸುಮಾರು ಶೇ 80ರಷ್ಟು ನೀರೇ ಇರುವುದರಿಂದ ಈ ವಿಳಂಬ ಅಲ್ಲಿ ಎದ್ದು ಕಾಣುತ್ತದೆ. ಕಡಲು ಅತಿ ಬೆಚ್ಚಗಿರುವುದು ಫೆಬ್ರವರಿ–ಮಾರ್ಚ್‌ನಲ್ಲಿ, ಅತಿ ತಣ್ಣಗಿರುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಈಜುವವರಿಗೆ ಡಿಸೆಂಬರ್‌ಗಿಂತ ಮಾರ್ಚ್ ಹಿತವಾಗುವುದೂ, ಚಂಡಮಾರುತಗಳು ಬೇಸಿಗೆಯ ಉತ್ತರಾರ್ಧದಲ್ಲಿ ಬಲಿಯುವುದೂ ಈ ಒಂದೇ ಕಾರಣದಿಂದ.

ಅಂಟಾರ್ಕ್ಟಿಕಾ: ಐದೇ ತಿಂಗಳ ಬಾಗಿಲು

ಅಂಟಾರ್ಕ್ಟಿಕಾಕ್ಕೆ ಪ್ರವಾಸಿ ಹಡಗುಗಳು ಹೋಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಆಮೇಲೆ ಕಡಲೇ ಹೆಪ್ಪುಗಟ್ಟುತ್ತದೆ. ಈ ಐದು ತಿಂಗಳಲ್ಲೂ ಕಾಣುವ ನೋಟ ಒಂದೇ ಅಲ್ಲ. ನವೆಂಬರ್‌ನಲ್ಲಿ ಹಿಮ ಇನ್ನೂ ತುಳಿಯದ ಹಾಸಿನಂತಿರುತ್ತದೆ, ಪೆಂಗ್ವಿನ್‌ಗಳು ಜೋಡಿ ಕೂಡಿ ಗೂಡಿಗೆ ಕಲ್ಲು ಹೊರುತ್ತಿರುತ್ತವೆ. ಆದರೆ ಕೆಲವು ಕಾಲುವೆಗಳಲ್ಲಿ ಹಿಮದ ಹಲಗೆಗಳು ದಾರಿ ಬಿಟ್ಟಿರುವುದಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮರಿಗಳು ಮೊಟ್ಟೆಯೊಡೆದು ಬರುತ್ತವೆ. ಹಗಲು ಇಪ್ಪತ್ತು ಗಂಟೆಯ ಸಮೀಪಕ್ಕೆ ಹಿಗ್ಗುತ್ತದೆ, ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ತಿಮಿಂಗಿಲಗಳು ಹೆಚ್ಚು ಕಾಣುತ್ತವೆ, ಹಿಮ ಕರಗಿದ್ದರಿಂದ ಹಡಗು ಇನ್ನಷ್ಟು ದಕ್ಷಿಣಕ್ಕೆ ನುಗ್ಗಬಲ್ಲದು. ಅಷ್ಟರಲ್ಲಿ ಪೆಂಗ್ವಿನ್ ನೆಲೆಗಳು ಕೆಸರಾಗಿ ನಾರುತ್ತಿರುತ್ತವೆ, ಬೆಳೆದ ಮರಿಗಳು ಒಂದೊಂದಾಗಿ ಕಡಲಿಗಿಳಿಯುತ್ತಿರುತ್ತವೆ.

ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ಉಶುವಾಯದಿಂದ ಹೊರಟು, ಸುಮಾರು 800 ಕಿ.ಮೀ. ಅಗಲದ ಡ್ರೇಕ್ ಜಲಸಂಧಿಯನ್ನು ಎರಡು ದಿನಗಳಲ್ಲಿ ದಾಟುತ್ತವೆ. ಈ ಅಕ್ಷಾಂಶದಲ್ಲಿ ಭೂಮಿಯ ಸುತ್ತ ಎಲ್ಲಿಯೂ ಗಾಳಿಗೆ ಅಡ್ಡ ನಿಲ್ಲುವ ನೆಲವಿಲ್ಲ. ಪಶ್ಚಿಮದ ಗಾಳಿ ಲೋಕ ಸುತ್ತಿ ಬಂದು ಇಲ್ಲಿನ ಕಿಂಡಿಯಲ್ಲಿ ನುಗ್ಗುತ್ತದೆ. ಶಾಂತವಾಗಿದ್ದ ದಿನ ಇದನ್ನು ‘ಡ್ರೇಕ್ ಲೇಕ್’ ಎಂದೂ ಕೆರಳಿದ ದಿನ ‘ಡ್ರೇಕ್ ಶೇಕ್’ ಎಂದೂ ಯಾನಿಗಳು ಕರೆಯುತ್ತಾರೆ. ಯಾವ ತಿಂಗಳೂ ಶಾಂತ ಕಡಲಿನ ಖಾತರಿ ಕೊಡದು. ಓಲಾಟವನ್ನು ತಾಳಲಾರದವರಿಗೆ ಚಿಲಿಯ ಪುಂಟಾ ಅರೆನಾಸ್‌ನಿಂದ ಸುಮಾರು ಎರಡು ಗಂಟೆ ವಿಮಾನದಲ್ಲಿ ಕಿಂಗ್ ಜಾರ್ಜ್ ದ್ವೀಪಕ್ಕೆ ಹಾರಿ, ಅಲ್ಲಿ ಹಡಗು ಹತ್ತುವ ದುಬಾರಿ ದಾರಿಯೂ ಇದೆ.

ತಿಂಗಳಿನಷ್ಟೇ ಹಡಗಿನ ಗಾತ್ರವೂ ಮುಖ್ಯ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರು ಪ್ರವಾಸಿಗರಿಗಷ್ಟೇ ಅವಕಾಶ. ಪೆಂಗ್ವಿನ್‌ಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಸಣ್ಣ ಹಡಗನ್ನೇ ಹಿಡಿಯಬೇಕು.

ಪಟಗೋನಿಯ ಮತ್ತು ಕೇಪ್ ಹಾರ್ನ್

ಬ್ಯೂನಸ್ ಐರಿಸ್‌ನಿಂದ ಫಾಕ್ಲೆಂಡ್ ದ್ವೀಪಗಳು, ಕೇಪ್ ಹಾರ್ನ್, ಚಿಲಿಯ ಹಿಮನದಿಗಳ ಕಾಲುವೆಗಳನ್ನು ಸುತ್ತಿ ಪೆಸಿಫಿಕ್ ದಡ ಸೇರುವ ಯಾನಕ್ಕೂ ನವೆಂಬರ್‌ನಿಂದ ಮಾರ್ಚ್‌ವರೆಗೇ ಕಾಲ. ಬೇಸಿಗೆ ಅಂದರೆ ಇಲ್ಲಿ ಬಿಸಿಲಿಗಿಂತ ಗಾಳಿಯೇ ಜೋರು. ಫಾಕ್ಲೆಂಡ್‌ನ ಸ್ಟ್ಯಾನ್ಲಿಯಂಥ ಕಡೆ ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಕಳಿಸುತ್ತವೆ. ಗಾಳಿ ಎದ್ದರೆ ಆ ಬಂದರು ತಪ್ಪಿಹೋಗುತ್ತದೆ. ಪ್ರಾಣಿಗಳ ಲೆಕ್ಕ ಬೇರೆ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದ ಬಳಿ ಸದರ್ನ್ ರೈಟ್ ತಿಮಿಂಗಿಲಗಳು ಇರುವುದು ಜೂನ್‌ನಿಂದ ಡಿಸೆಂಬರ್‌ವರೆಗೆ. ಜನವರಿಯಲ್ಲಿ ಅಲ್ಲಿಗೆ ಹೋದವರಿಗೆ ಪುಂಟಾ ಟೊಂಬೊದ ಮೆಗೆಲ್ಲಾನಿಕ್ ಪೆಂಗ್ವಿನ್‌ಗಳು ಸಿಕ್ಕಾವು, ತಿಮಿಂಗಿಲ ಸಿಗದು. ಎರಡೂ ಬೇಕೆನ್ನುವವರಿಗೆ ನವೆಂಬರ್ ಸರಿ.

ನ್ಯೂಜಿಲೆಂಡ್, ಆಸ್ಟ್ರೇಲಿಯಾದ ದಕ್ಷಿಣ ಕರಾವಳಿ

ಇಲ್ಲಿನ ಹಂಗಾಮು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಅದರಲ್ಲೂ ನ್ಯೂಜಿಲೆಂಡಿಗೆ ಫೆಬ್ರವರಿ–ಮಾರ್ಚ್ ಹೆಚ್ಚು ನಂಬಿಕೆಯ ಕಾಲ: ಹವೆ ನೆಲೆಗೊಂಡಿರುತ್ತದೆ, ನೀರು ಬೆಚ್ಚಗಿರುತ್ತದೆ, ಶಾಲೆಗಳ ರಜೆ ಮುಗಿದಿರುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಹಸಿರು, ಹೂವು ಸಮೃದ್ಧವಾಗಿದ್ದರೂ ಹವೆ ಗಳಿಗೆಗೊಂದು ಬಣ್ಣ ತಾಳುತ್ತದೆ. ದಕ್ಷಿಣ ದ್ವೀಪದ ಮಿಲ್ಫರ್ಡ್ ಸೌಂಡ್‌ನಲ್ಲಿ ಮಾತ್ರ ಮಳೆಯನ್ನು ಶಪಿಸುವಂತಿಲ್ಲ. ವರ್ಷಕ್ಕೆ 6,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಕಡಿದಾದ ಕಣಿವೆ ಆ ದೇಶದ ಆಗುಂಬೆ. ಮಳೆ ಬಿದ್ದ ದಿನವೇ ಬಂಡೆಗಳ ಮೈಮೇಲೆ ನೂರಾರು ತಾತ್ಕಾಲಿಕ ಜಲಪಾತಗಳು ಮೂಡುತ್ತವೆ.

ಬೇಸಿಗೆಯೆಂದರೆ ಶಾಂತ ಕಡಲು ಎಂದು ಇಲ್ಲಿಯೂ ಭಾವಿಸಬಾರದು. ಟಾಸ್ಮನ್ ಸಮುದ್ರ ಮತ್ತು ಬಾಸ್ ಜಲಸಂಧಿ ವರ್ಷವಿಡೀ ಕೆರಳಬಲ್ಲವು. 1998ರ ಡಿಸೆಂಬರ್‌ನಲ್ಲಿ, ನಡುಬೇಸಿಗೆಯಲ್ಲೇ, ಸಿಡ್ನಿ–ಹೋಬರ್ಟ್ ಹಾಯಿದೋಣಿ ಪಂದ್ಯದ ಮೇಲೆರಗಿದ ಬಿರುಗಾಳಿಗೆ ಆರು ನಾವಿಕರು ಬಲಿಯಾದರು. ದೊಡ್ಡ ಹಡಗಿನ ಪ್ರಯಾಣಿಕರಿಗೆ ಅಂಥ ಅಪಾಯವಿಲ್ಲವಾದರೂ ವಾಕರಿಕೆಯ ಮಾತ್ರೆ ಕೈಗೆಟುಕುವಂತಿರಬೇಕು. ಹಡಗಿನ ನಡುಭಾಗದ ಕೆಳ ಅಂತಸ್ತಿನ ಕ್ಯಾಬಿನ್ ಹಿಡಿದರೆ ಓಲಾಟ ಕಡಿಮೆ. ಬಿಸಿಲಿನ ವಿಷಯದಲ್ಲೂ ಎಚ್ಚರ ಬೇಕು. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುತ್ತದೆ. ಆಗ ಭೂಮಿಗೆ ತಲುಪುವ ಬಿಸಿಲು ಜುಲೈಗಿಂತ ಸುಮಾರು ಶೇ 7ರಷ್ಟು ಹೆಚ್ಚು. ತಂಪುಗಾಳಿ ಬೀಸುವ ಡೆಕ್ಕಿನ ಮೇಲೆ ಚರ್ಮ ಸುಟ್ಟದ್ದು ತಿಳಿಯುವುದು ಸಂಜೆಗೆ.

ಪೆಸಿಫಿಕ್ ದ್ವೀಪಗಳು, ಹವಳದ ದಿಬ್ಬ, ಕಿಂಬರ್ಲಿ

ಮಕರ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕೆ ಸೂತ್ರ ತಿರುವುಮುರುವಾಗುತ್ತದೆ. ಫಿಜಿ, ವನುವಾಟು, ನ್ಯೂ ಕ್ಯಾಲೆಡೋನಿಯಾ, ಟೊಂಗಾಗಳಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ; ಜನವರಿಯಿಂದ ಮಾರ್ಚ್ ಅದರ ತುತ್ತತುದಿ. 2015ರ ಮಾರ್ಚ್‌ನಲ್ಲಿ ವನುವಾಟುವನ್ನು ಧ್ವಂಸಗೊಳಿಸಿದ ‘ಪ್ಯಾಮ್’, 2016ರ ಫೆಬ್ರವರಿಯಲ್ಲಿ ಫಿಜಿಗೆ ಅಪ್ಪಳಿಸಿದ ‘ವಿನ್‌ಸ್ಟನ್’ ಇದೇ ಕಾಲದವು. ಇನ್ನೂ ಪೂರ್ವಕ್ಕಿರುವ ಟಹೀಟಿಯ ಸುತ್ತ ಚಂಡಮಾರುತ ಅಪರೂಪ. ಎಲ್ ನಿನೊ ವರ್ಷಗಳಲ್ಲಿ ಮಾತ್ರ ಭಯ ಹೆಚ್ಚು. ಹಡಗುಗಳು ಚಂಡಮಾರುತದ ದಾರಿಯನ್ನು ಉಪಗ್ರಹದ ನೆರವಿನಿಂದ ಮೊದಲೇ ತಿಳಿದು ಬಳಸಿಕೊಂಡು ಹೋಗುತ್ತವೆ. ಆದ್ದರಿಂದ ಪ್ರಯಾಣಿಕರಿಗೆ ಆಗುವ ನಷ್ಟವೆಂದರೆ ಬಹುಪಾಲು ತಪ್ಪಿಹೋದ ಬಂದರುಗಳು. ದಾರಿ ಬದಲಿಸುವ ಹಕ್ಕನ್ನು ಕಂಪನಿಗಳು ಟಿಕೆಟ್ಟಿನ ಷರತ್ತಿನಲ್ಲೇ ಇಟ್ಟುಕೊಂಡಿರುತ್ತವೆ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಒಣ ಹವೆ, ಹಿತವಾದ ಬಿಸಿಲು, ವಾಣಿಜ್ಯ ಮಾರುತಗಳ ತಂಪು. ಜುಲೈಯಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಹಿಮದ ಕಡಲಿನಿಂದ ಬಂದು ಟೊಂಗಾ, ಮೊರೆಯ ದ್ವೀಪಗಳ ಬಳಿ ಮರಿ ಹಾಕುತ್ತವೆ. ಆಸ್ಟ್ರೇಲಿಯಾದ ಹವಳದ ದಿಬ್ಬವಾದ ಗ್ರೇಟ್ ಬ್ಯಾರಿಯರ್ ರೀಫ್‌ಗೂ ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ: ನೀರು ತಿಳಿಯಾಗಿರುತ್ತದೆ. ನವೆಂಬರ್‌ನಿಂದ ಮೇವರೆಗೆ ಉತ್ತರ ಕ್ವೀನ್ಸ್‌ಲೆಂಡಿನ ದಡದಲ್ಲಿ ಜೀವಕ್ಕೇ ಎರವಾಗಬಲ್ಲ ಬಾಕ್ಸ್ ಜೆಲ್ಲಿ ಮೀನುಗಳು ಇರುತ್ತವೆ. ಆಗ ಮೈಮುಚ್ಚುವ ಉಡುಪಿಲ್ಲದೆ ನೀರಿಗಿಳಿಯುವಂತಿಲ್ಲ.

ಬ್ರೂಮ್ ಮತ್ತು ಡಾರ್ವಿನ್ ನಡುವಿನ ಕಿಂಬರ್ಲಿ ಕರಾವಳಿಗೆ ಸಣ್ಣ ಹಡಗುಗಳು ಹೋಗುವುದು ಒಣ ಹಂಗಾಮಿನಲ್ಲಿ, ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಮಳೆಗಾಲ ಆಗಷ್ಟೇ ಮುಗಿದ ಏಪ್ರಿಲ್–ಮೇ ತಿಂಗಳಲ್ಲಿ ಕಿಂಗ್ ಜಾರ್ಜ್ ಜಲಪಾತ ತುಂಬಿ ಧುಮುಕುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಬಂಡೆಯಷ್ಟೇ ಉಳಿಯಬಹುದು. ಹಾರಿಜಾಂಟಲ್ ಫಾಲ್ಸ್‌ಗೆ ಮಳೆಯ ಹಂಗಿಲ್ಲ. ಹತ್ತು ಮೀಟರ್ ಮೀರುವ ಉಬ್ಬರವಿಳಿತ ಇಕ್ಕಟ್ಟಾದ ಬಂಡೆಸಂದಿಯಲ್ಲಿ ನುಗ್ಗಿ ಅದನ್ನು ಉಂಟುಮಾಡುತ್ತದೆ.

ಆಫ್ರಿಕಾ ಮತ್ತು ಹಿಂದೂ ಮಹಾಸಾಗರ

ಕೇಪ್‌ಟೌನ್‌ನಲ್ಲಿ ಬೇಸಿಗೆ ಒಣ, ಚಳಿಗಾಲ ಮಳೆಗಾಲ. ಹಾಗಾಗಿ ನವೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಆದರೆ ‘ಕೇಪ್ ಡಾಕ್ಟರ್’ ಎಂಬ ಆಗ್ನೇಯ ಗಾಳಿ ಬೀಸತೊಡಗಿದರೆ ಟೇಬಲ್ ಮೌಂಟನ್‌ನ ಕೇಬಲ್ ಕಾರು ನಿಲ್ಲುತ್ತದೆ, ಕೆಲವೊಮ್ಮೆ ಹಡಗುಗಳೂ ಬಂದರಿನ ಹೊರಗೆ ಕಾಯಬೇಕಾಗುತ್ತದೆ. ಡರ್ಬನ್‌ನಿಂದ ಮೊಜಾಂಬಿಕ್ ಕಡೆಗೆ ಹೋಗುವ ಕಿರುಯಾನಗಳೂ ಬೇಸಿಗೆಯಲ್ಲೇ ನಡೆಯುತ್ತವೆ. ಅಲ್ಲಿ ಮಾತ್ರ ಮಳೆ, ಚಂಡಮಾರುತ ಎರಡೂ ಅದೇ ಕಾಲಕ್ಕೆ. ಮೊಜಾಂಬಿಕ್‌ನ ಬೈರಾ ನಗರವನ್ನು ಮುಳುಗಿಸಿದ ‘ಇಡಾಯಿ’ ಬಂದದ್ದು 2019ರ ಮಾರ್ಚ್‌ನಲ್ಲಿ. ಮಾರಿಷಸ್, ರಿಯೂನಿಯನ್, ಮಡಗಾಸ್ಕರ್‌ಗಳಿಗೆ ಮೇ ತಿಂಗಳಿಂದ ಅಕ್ಟೋಬರ್ ಕ್ಷೇಮ.

ಸೀಶೆಲ್ಸ್ ಸಮಭಾಜಕಕ್ಕೆ ತೀರ ಹತ್ತಿರವಿರುವುದರಿಂದ ಚಂಡಮಾರುತದ ಹಾದಿಯಿಂದ ಬಹುಮಟ್ಟಿಗೆ ಹೊರಗಿದೆ. ಅಲ್ಲಿ ಕಾಲವನ್ನು ನಿರ್ಧರಿಸುವುದು ಗಾಳಿಯ ದಿಕ್ಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೀಸುವ ಆಗ್ನೇಯ ಮಾರುತವೇ ಸಮಭಾಜಕ ದಾಟಿ, ಬಲಕ್ಕೆ ತಿರುಗಿ, ನೈಋತ್ಯ ಮುಂಗಾರಾಗಿ ಕರ್ನಾಟಕದ ಕರಾವಳಿಗೆ ಮಳೆ ಸುರಿಸುತ್ತದೆ. ಮಂಗಳೂರಿನಲ್ಲಿ ಕಡಲು ಭೋರ್ಗರೆಯುವಾಗ ಸೀಶೆಲ್ಸ್‌ನಲ್ಲಿ ಒಣ ಹವೆಯಿದ್ದರೂ ಅಲೆಗಳು ಎತ್ತರವಾಗಿರುತ್ತವೆ. ಗಾಳಿ ದಿಕ್ಕು ಬದಲಿಸುವ ಏಪ್ರಿಲ್–ಮೇ, ಅಕ್ಟೋಬರ್–ನವೆಂಬರ್‌ನಲ್ಲಿ ನೀರು ನಿಶ್ಚಲ, ಈಜಿಗೂ ಡೈವಿಂಗ್‌ಗೂ ಹೇಳಿಮಾಡಿಸಿದ ಕಾಲ.

ಬ್ರೆಜಿಲ್ ಮತ್ತು ಗಲಪಗೋಸ್

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಉಷ್ಣವಲಯದ ಚಂಡಮಾರುತ ತೀರಾ ವಿರಳ. 2004ರ ಮಾರ್ಚ್‌ನಲ್ಲಿ ಬ್ರೆಜಿಲ್‌ಗೆ ಬಂದ ‘ಕತಾರಿನ’ ವಿಜ್ಞಾನಿಗಳನ್ನೇ ಅಚ್ಚರಿಗೊಳಿಸಿತು. ಆದ್ದರಿಂದ ಬ್ರೆಜಿಲ್ ಕರಾವಳಿಯ ಬೇಸಿಗೆ ಹಂಗಾಮು ನಿಶ್ಚಿಂತೆಯದು. ಸೆಕೆ, ಸಂಜೆಯ ಗುಡುಗುಮಳೆ ಇದ್ದದ್ದೇ. ರಿಯೊದ ಹೊಸವರ್ಷದ ಬಾಣಬಿರುಸು, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಕಾರ್ನಿವಲ್ ವೇಳೆಗೆ ದರ ಗಗನಕ್ಕೇರುತ್ತದೆ.

ಗಲಪಗೋಸ್ ದ್ವೀಪಗಳಿಗೆ ವರ್ಷವಿಡೀ ಹೋಗಬಹುದು. ಅಲ್ಲಿ ಒಂದು ಹಡಗಿಗೆ ನೂರು ಪ್ರಯಾಣಿಕರ ಮಿತಿ. ಜನವರಿಯಿಂದ ಮೇವರೆಗೆ ಬೆಚ್ಚನೆಯ ಶಾಂತ ನೀರು, ಆಗಾಗ ಮಳೆ, ಮೊಟ್ಟೆಯಿಡಲು ದಡಕ್ಕೆ ಬರುವ ಹಸಿರು ಕಡಲಾಮೆಗಳು. ಜೂನ್‌ನಿಂದ ನವೆಂಬರ್‌ವರೆಗೆ ಹಂಬೋಲ್ಟ್ ಪ್ರವಾಹದ ತಣ್ಣೀರು, ತುಂತುರು ಮಂಜು. ನೀರು ತಣಿದಾಗ ಆಹಾರ ಹೆಚ್ಚುವುದರಿಂದ ಮೀನು, ಹಕ್ಕಿ, ಕಡಲಸಿಂಹಗಳ ಚಟುವಟಿಕೆಯೂ ಹೆಚ್ಚು. ಎಸ್ಪಾನ್ಯೋಲ ದ್ವೀಪದ ಆಲ್ಬಟ್ರಾಸ್‌ಗಳನ್ನು ನೋಡಬೇಕಿದ್ದರೆ ಏಪ್ರಿಲ್ ಮತ್ತು ಡಿಸೆಂಬರ್ ನಡುವೆ ಹೋಗಬೇಕು.

ರಜೆ ಮತ್ತು ದರ

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಶಾಲೆಗಳ ದೊಡ್ಡ ರಜೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಆಗ ದರ ಅತಿ ಹೆಚ್ಚು, ಹಡಗು ಮಕ್ಕಳಿಂದ ಗಿಜಿಗುಡುತ್ತದೆ. ಹೊಸವರ್ಷದ ರಾತ್ರಿ ಸಿಡ್ನಿ ಬಂದರಿನಲ್ಲೇ ಇರುವ ಹಡಗಿಗೆ ಬಹಳ ಮುಂಚೆಯೇ ಟಿಕೆಟ್ ಮಾಡಿಸಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಅದೇ ದಾರಿ, ಅದೇ ಬೆಚ್ಚನೆಯ ಹವೆ ಕಡಿಮೆ ಬೆಲೆಗೆ ಸಿಗುತ್ತವೆ.

ಕರ್ನಾಟಕದಿಂದ ಹೊರಡುವ ಕುಟುಂಬಗಳಿಗೆ ಇಲ್ಲಿನ ಶಾಲಾ ರಜೆಯೇ ದಾರಿಯನ್ನು ಸೂಚಿಸುತ್ತದೆ. ಏಪ್ರಿಲ್–ಮೇ ರಜೆಗೆ ಸೀಶೆಲ್ಸ್, ಕಿಂಬರ್ಲಿ, ಮೇ ತಿಂಗಳಲ್ಲಾದರೆ ಫಿಜಿ, ಟಹೀಟಿ ಸೂಕ್ತ. ಅಂಟಾರ್ಕ್ಟಿಕಾದ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ದಸರಾ ರಜೆಗೆ ಹವಳದ ದಿಬ್ಬ, ಪೆಸಿಫಿಕ್ ದ್ವೀಪಗಳು ಇನ್ನೂ ಒಣ ಹಂಗಾಮಿನಲ್ಲೇ ಇರುತ್ತವೆ. ಕ್ರಿಸ್‌ಮಸ್ ರಜೆಗೆ ಪಟಗೋನಿಯ, ಕೇಪ್‌ಟೌನ್, ನ್ಯೂಜಿಲೆಂಡ್ ಸರಿಯಾದರೂ ಹಣ ಹೆಚ್ಚು ತೆರಬೇಕು. ಮಕ್ಕಳ ಶಾಲೆಯ ಕಟ್ಟುಪಾಡಿಲ್ಲದವರು, ನಿವೃತ್ತರು ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ ದಕ್ಷಿಣದ ತಂಪು ಕಡಲನ್ನೂ, ಸೆಪ್ಟೆಂಬರ್‌ನಲ್ಲಿ ಉಷ್ಣವಲಯದ ದ್ವೀಪಗಳನ್ನೂ ಆರಿಸಿಕೊಂಡರೆ ಹವೆ, ದರ, ಜನಸಂದಣಿ ಮೂರರಲ್ಲೂ ಲಾಭ.